ನಿಲ್ಲುವುದನ್ನರಿತ ಸಾರಥಿ

ಅರ್ಜೆಂಟೀನದ ಹ್ವಾನ್ ಮಾನ್ಯುಯೆಲ್ ಫಾಂಜಿಯೋ (1911–1995) ಬಾಲ್ಯದಲ್ಲಿಯೇ ಮೋಟಾರು ದುರಸ್ತಿ ಕಲಿತವನು. ಯಂತ್ರದ ಶಕ್ತಿಯನ್ನೂ ಮಿತಿಯನ್ನೂ ಬಲ್ಲವನು. 1951ರಲ್ಲೊಮ್ಮೆ, ಬಳಿಕ 1954ರಿಂದ 1957ರವರೆಗೆ ಸತತವಾಗಿ, ನಾಲ್ಕು ಕಂಪೆನಿಗಳ ಕಾರುಗಳಲ್ಲಿ ಐದು ಸಲ ಮೋಟಾರು ಪಂದ್ಯಗಳ ವಿಶ್ವವಿಜೇತನಾದನು.

1957ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಂದ್ಯದಲ್ಲಿ, ಟೈರು ಬದಲಿಸಲು ನಿಂತು ಮುಕ್ಕಾಲು ನಿಮಿಷದಷ್ಟು ಹಿಂದೆ ಬಿದ್ದ ಆ ನಲವತ್ತಾರರ ಸಾರಥಿ, ಮತ್ತೆ ಮತ್ತೆ ದಾಖಲೆ ಮುರಿದು, ತರುಣರಾದ ಹಾಥಾರ್ನ್, ಕಾಲಿನ್ಸರನ್ನು ಹಿಂದಿಕ್ಕಿ ಗೆದ್ದನು. ಇನ್ನೆಂದೂ ಹಾಗೆ ಓಡಿಸಲಾರೆನೆಂದು ಆತನೇ ಹೇಳಿಕೊಂಡನು. 1958ರ ಜುಲೈನಲ್ಲಿ ಸ್ಪರ್ಧೆಯಿಂದ ಸರಿದನು. ಮರುತಿಂಗಳೇ, ಅದೇ ಹಾದಿಯಲ್ಲಿ, ಕಾಲಿನ್ಸ್ ಮಡಿದನು.

ಐದು ಪಟ್ಟಗಳ ದಾಖಲೆಯನ್ನು 2003ರಲ್ಲಿ ಷೂಮಾಕರ್ ಮೀರಿದನು. ದಾಖಲೆಗಳ ಹಣೆಬರಹವೇ ಅದು. ಸಾಹಸದ ತುದಿಯನ್ನು ಮುಟ್ಟಿ, ಅಲ್ಲಿಂದ ಹಿಂದಿರುಗಿ ಬರುವ ವಿವೇಕವೇ ಫಾಂಜಿಯೋ ಉಳಿಸಿಹೋದ ಆಸ್ತಿ.