ಕಂಪ್ಯೂಟರ್ ಜೊತೆ ಚೆಸ್: ಎಷ್ಟನೇ ಮಟ್ಟ ಒತ್ತಬೇಕು?

ಮೊಬೈಲಿನಲ್ಲಿ ಕಂಪ್ಯೂಟರ್ ಜೊತೆ ಚೆಸ್ ಆಡಲು ಹೊರಟರೆ ಮೊದಲು ಎದುರಾಗುವ ಪ್ರಶ್ನೆ, ‘ಎದುರಾಳಿ ಯಾವ ಮಟ್ಟದವನಿರಬೇಕು?’ ಲಿಚೆಸ್ ಎಂಬ ಉಚಿತ ಆ್ಯಪ್‌ನಲ್ಲಿ 1ರಿಂದ 8ರವರೆಗೆ ಮಟ್ಟಗಳಿವೆ. ಹುಮ್ಮಸ್ಸಿನ ಮೊಮ್ಮಗ ನೇರವಾಗಿ 8ನ್ನು ಒತ್ತುತ್ತಾನೆ. ನಾಲ್ಕು ದಿನ ಸೋತು, ‘ಈ ಆಟ ನನಗೆ ಬರೋದೇ ಇಲ್ಲ’ ಎಂದು ಬಿಟ್ಟುಬಿಡುತ್ತಾನೆ. ಅಜ್ಜಿ 1ನ್ನು ಒತ್ತಿ, ದಿನವೂ ಗೆದ್ದು ಗೆದ್ದು ಬೇಸರಪಟ್ಟು ಬಿಡುತ್ತಾರೆ. ಇಬ್ಬರಿಗೂ ಆಟ ತಪ್ಪಿಹೋಯಿತು. ದೋಷ ಆಟದ್ದಲ್ಲ, ಬುದ್ಧಿಯದೂ ಅಲ್ಲ, ಆರಿಸಿದ ಮಟ್ಟದ್ದು.

1997ರಲ್ಲಿ ಐಬಿಎಂ ಕಂಪನಿಯ ‘ಡೀಪ್ ಬ್ಲೂ’ ಕಂಪ್ಯೂಟರ್ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಿತು. ಅದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರೀಕ್ಷಿಸುತ್ತಿತ್ತು. ಈಗ ನಮ್ಮ ಜೇಬಿನ ಫೋನೇ ಚಾಂಪಿಯನ್ನರನ್ನು ಸೋಲಿಸಬಲ್ಲದು. ಹಾಗಾಗಿ ಇವತ್ತಿನ ಕಷ್ಟ ಕಂಪ್ಯೂಟರನ್ನು ಬಲಶಾಲಿ ಮಾಡುವುದಲ್ಲ. ನಮಗೆ ತಕ್ಕಷ್ಟು ಮೆತ್ತಗೆ ಮಾಡುವುದು.

ಇದಕ್ಕೆ ಕೆಲವು ಉಪಾಯಗಳಿವೆ. ಕಂಪ್ಯೂಟರ್ ಎಷ್ಟು ನಡೆ ಮುಂದೆ ಯೋಚಿಸಬೇಕೆಂದು ಮಿತಿ ಹಾಕುವುದು ಒಂದು. ಯೋಚಿಸಲು ಕಡಿಮೆ ಸಮಯ ಕೊಡುವುದು ಇನ್ನೊಂದು. ಮೂರನೆಯದು, ಅತ್ಯುತ್ತಮ ನಡೆಯನ್ನು ಬಿಟ್ಟು ಆಗಾಗ ಅದಕ್ಕಿಂತ ಕೆಳಗಿನದನ್ನು ಆರಿಸುವಂತೆ ಮಾಡುವುದು. ‘ಸ್ಟಾಕ್‌ಫಿಶ್’ ಎಂಬ ಪ್ರಸಿದ್ಧ ಚೆಸ್ ಪ್ರೋಗ್ರಾಂನಲ್ಲಿ ಹೀಗೆ 0ಯಿಂದ 20ರವರೆಗೆ ಮಟ್ಟಗಳಿವೆ.

ಆದರೆ ಇಲ್ಲೊಂದು ತೊಡಕು. ಹತ್ತು ನಡೆ ಪಂಡಿತನಂತೆ ಆಡಿದ ಯಂತ್ರ, ಹನ್ನೊಂದನೆಯದರಲ್ಲಿ ಸುಮ್ಮನೆ ಮಂತ್ರಿಯನ್ನೇ ಬಿಟ್ಟುಕೊಡಬಹುದು. ಮನುಷ್ಯರು ತಪ್ಪುವ ರೀತಿ ಅದಲ್ಲ. ಇದನ್ನು ಸರಿಪಡಿಸಲೆಂದೇ ಸಂಶೋಧಕರು ‘ಮಾಯಾ’ ಎಂಬ ಪ್ರೋಗ್ರಾಂ ತಯಾರಿಸಿದ್ದಾರೆ. ಸಾಮಾನ್ಯ ಜನ ಆಡಿದ ಲಕ್ಷಾಂತರ ಆಟಗಳನ್ನು ನೋಡಿ ಕಲಿತಿರುವ ಅದು, ನಮ್ಮಂಥವರು ತಪ್ಪುವ ಹಾಗೆಯೇ ತಪ್ಪಲು ಪ್ರಯತ್ನಿಸುತ್ತದೆ.

ಆಟಗಾರರ ಬಲವನ್ನು ಅಂಕಿಯಲ್ಲಿ ಹೇಳುವ ಪದ್ಧತಿಯೂ ಇದೆ. ಅದನ್ನು ರೂಪಿಸಿದವರು ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಪಾದ್ ಎಲೊ. 1970ರಲ್ಲಿ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಇದನ್ನು ಒಪ್ಪಿಕೊಂಡಿತು. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ, 100 ಆಟಗಳಲ್ಲಿ ಬಲಶಾಲಿಗೆ ಸುಮಾರು 76 ಪಾಯಿಂಟ್, ಇನ್ನೊಬ್ಬರಿಗೆ 24. ಅಂತರ 400 ಆದರೆ ಇನ್ನೊಬ್ಬರಿಗೆ ಸಿಗುವುದು ಬರೀ 9. ಅಲ್ಲಿ ಕಲಿಯುವ ಉತ್ಸಾಹ ಉಳಿಯುವುದು ಕಷ್ಟ.

ಮನೆಯಲ್ಲಿ ಇಷ್ಟೆಲ್ಲ ಗಣಿತ ಬೇಡ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು. ಅದೇ ಉಪಾಯ ಹೇಳುತ್ತೇನೆ. ಹಳೆಯ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯಿರಿ: ಗೆಲುವು, ಸೋಲು. ಮಟ್ಟ 1ರಿಂದ ಶುರು ಮಾಡಿ ಹತ್ತು ಆಟ ಆಡಿ. ಏಳು ಅಥವಾ ಹೆಚ್ಚು ಗೆದ್ದರೆ ಒಂದು ಮಟ್ಟ ಮೇಲಕ್ಕೆ ಹೋಗಿ. ಮೂರು ಅಥವಾ ಕಡಿಮೆ ಗೆದ್ದರೆ ಒಂದು ಮಟ್ಟ ಕೆಳಕ್ಕೆ. ನಡುವೆ ಇದ್ದರೆ ಅಲ್ಲೇ ಇರಿ. ಅದೇ ನಿಮ್ಮ ಜಾಗ. ಕೆಳಗಿಳಿಯುವುದರಲ್ಲಿ ಅವಮಾನವಿಲ್ಲ. ಮೂರನೇ ತರಗತಿಯ ಹುಡುಗನಿಗೆ ಹತ್ತನೇ ತರಗತಿಯ ಪರೀಕ್ಷೆ ಯಾರೂ ಕೊಡುವುದಿಲ್ಲವಲ್ಲ?

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಮೊಮ್ಮಕ್ಕಳ ಜೊತೆ ಮಣೆ ಹಾಸಿ ಆಡುವಾಗ ಬೇಕೆಂದೇ ಸೋಲಬೇಡಿ. ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ. ಅದರ ಬದಲು ಮೊದಲೇ ಹೇಳಿ, ನಿಮ್ಮ ಒಂದು ಆನೆಯನ್ನು ತೆಗೆದಿಟ್ಟು ಪೂರ್ಣ ಬಲದಿಂದ ಆಡಿ. ಆಗ ಮಗು ಗೆದ್ದರೆ ಆ ಗೆಲುವು ನಿಜವಾದದ್ದು. ಮಗು ಬೆಳೆದಂತೆ ಆನೆಯ ಬದಲು ಕುದುರೆ, ಆಮೇಲೆ ಒಂದು ಕಾಲಾಳು ತೆಗೆಯಿರಿ.

ಮಕ್ಕಳೇ, ಸೋತ ಆಟವನ್ನು ತಕ್ಷಣ ಅಳಿಸಬೇಡಿ. ಹಿಂದಕ್ಕೆ ಹೋಗಿ, ಆಟ ಕೈತಪ್ಪಿದ ಒಂದೇ ಒಂದು ನಡೆಯನ್ನು ಹುಡುಕಿ. ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸರಿಯಾದ ಮಟ್ಟದಲ್ಲಿ ಸೋತರೆ, ಆ ನಡೆ ನಿಮಗೇ ಕಾಣಿಸುತ್ತದೆ.