ಹಿಂದೂಪುರದ ಮಗು, ಕಾಸರಗೋಡಿನ ಮಗು

ಗಡಿನಾಡಿನ ಕನ್ನಡದ ಪ್ರಶ್ನೆ ಬಂದಾಗಲೆಲ್ಲ ನಾವು ನಮ್ಮ ಜಿಲ್ಲೆಯನ್ನಷ್ಟೇ ಕಣ್ಣ ಮುಂದಿರಿಸಿಕೊಂಡು ಮಾತನಾಡುವುದು ರೂಢಿ. ನಮ್ಮಂತೆಯೇ ಇನ್ನೊಂದು ರಾಜ್ಯದಲ್ಲಿದ್ದುಕೊಂಡು ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲಿ ಮತ್ತೊಂದು ಭಾಷೆಯ ನಡುವೆ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಕುಟುಂಬಗಳು ಆಂಧ್ರಪ್ರದೇಶದ ಗಡಿಯಲ್ಲೂ ಇವೆ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗ ಈ ಹೆಸರುಗಳು ನಮ್ಮ ಪತ್ರಿಕೆಗಳಲ್ಲಿ ಅಪರೂಪ. ಅಲ್ಲಿಯ ಮಗುವಿನ ಓದಿನ ಸಂಗತಿಯನ್ನು ಇಲ್ಲಿಯ ಮಗುವಿನ ಓದಿನೊಡನೆ ಇಟ್ಟು ನೋಡಿದರೆ, ಹೆತ್ತವರಿಗೂ ಅಧ್ಯಾಪಕರಿಗೂ ಉಪಯೋಗಕ್ಕೆ ಬರುವ ಕೆಲವು ವಿಷಯಗಳು ಹೊಳೆಯುತ್ತವೆ.

ಒಂದೇ ರಾಜ್ಯದ ಎರಡು ಮೂಲೆಗಳು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವ ತನಕ ಹಿಂದೂಪುರವೂ ಕಾಸರಗೋಡೂ ಮದ್ರಾಸ್ ರಾಜ್ಯದಲ್ಲೇ ಇದ್ದುವು ಎಂಬುದು ಇಂದಿನ ತರುಣರಿಗೆ ಆಶ್ಚರ್ಯವೆನಿಸೀತು. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾಯಿತು. 1953ರಲ್ಲಿ ಬಳ್ಳಾರಿಯನ್ನು ಹಂಚಿದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದುವು. ಉಳಿದ ಭಾಗ ಮೈಸೂರಿಗೆ ಸೇರಿತು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ಅನಂತಪುರದ ಹಿಂದೂಪುರ ಭಾಗ 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ.

ಗಡಿಗೆರೆ ಬರುವುದಕ್ಕೆ ಮೊದಲೇ ಆ ನಾಡಿನಲ್ಲಿ ಕನ್ನಡವಿತ್ತು. ಹಿಂದೂಪುರದ ಸಮೀಪದ ಲೇಪಾಕ್ಷಿ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. ಅಮರಾಪುರಂ ಬಳಿಯ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ನಮ್ಮಲ್ಲಿ ಕುಂಬಳೆಯ ಪಾರ್ತಿಸುಬ್ಬನೂ ಮಂಜೇಶ್ವರದ ಗೋವಿಂದ ಪೈಗಳೂ ಇದ್ದಂತೆ ಅಲ್ಲಿಯೂ ಅಭಿಮಾನಪಡುವುದಕ್ಕೆ ಬೇಕಾದಷ್ಟಿದೆ. ಅಭಿಮಾನಕ್ಕೆ ಎರಡೂ ಕಡೆ ಕೊರತೆಯಿಲ್ಲ. ಕೊರತೆ ಇರುವುದು ಎಂಟು ವರ್ಷದ ಮಗುವಿನ ಕೈಯಲ್ಲಿ ಇರಬೇಕಾದ ಪುಸ್ತಕಕ್ಕೆ.

ಲಿಪಿ ಕೊಡುವ ಅನುಕೂಲ, ಅನನುಕೂಲ

ಹಿಂದೂಪುರದ ಮಗುವಿಗೆ ನಮ್ಮ ಮಗುವಿಗಿಲ್ಲದ ಒಂದು ಅನುಕೂಲವಿದೆ. ಕನ್ನಡ ಮತ್ತು ತೆಲುಗು ಲಿಪಿಗಳು ಹಿಂದೆ ಒಂದೇ ಆಗಿದ್ದು ಆಮೇಲೆ ಕವಲೊಡೆದವು. ಅಲ್ಲಿಯ ಮಗು ಒಂದು ಲಿಪಿಯನ್ನು ಚೆನ್ನಾಗಿ ಕಲಿತರೆ ತಲೆಕಟ್ಟಿನ ವ್ಯತ್ಯಾಸ ಮತ್ತು ಕೆಲವು ಅಕ್ಷರಗಳ ಭೇದವನ್ನು ಗುರುತಿಸಿಕೊಂಡು ಇನ್ನೊಂದನ್ನು ಬೇಗನೆ ಓದಬಲ್ಲುದು. ಬಸ್ಸಿನ ಬೋರ್ಡು, ಅಂಗಡಿಯ ಹಲಗೆ, ಗೋಡೆಯ ಜಾಹೀರಾತು ಎಲ್ಲವೂ ಅದಕ್ಕೆ ಓದಿನ ಅಭ್ಯಾಸವೇ.

ನಮ್ಮ ಮಗುವಿಗೆ ಹಾಗಲ್ಲ. ಮಲಯಾಳ ಲಿಪಿಯ ಮೂಲ ಗ್ರಂಥಲಿಪಿ; ನಮ್ಮ ಪೂರ್ವಿಕರು ತಾಳೆಯೋಲೆಯಲ್ಲಿ ಬರೆಯುತ್ತಿದ್ದ ತುಳು ಅಥವಾ ತಿಗಳಾರಿ ಲಿಪಿಯೂ ಅದೇ ಕುಲದ್ದು. ಕನ್ನಡದ 'ಕ' ಕಲಿತ ಮಾತ್ರಕ್ಕೆ ಮಲಯಾಳದ 'ಕ' ಬಾರದು. ಅಲ್ಲದೆ ಇಲ್ಲಿ ಕನ್ನಡ ಮಾಧ್ಯಮದ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಹವ್ಯಕ ಕನ್ನಡ. ಪುಸ್ತಕದ ಕನ್ನಡ ಅವರಿಗೆ ಹೊಸತಾಗಿಯೇ ಬರುತ್ತದೆ. ಆದುದರಿಂದ ಅಕ್ಷರ ಕಲಿತ ಮೇಲಿನ ಎರಡು ಮೂರು ವರ್ಷಗಳಲ್ಲಿ ಧಾರಾಳವಾಗಿ ಕತೆ ಓದದಿದ್ದರೆ, ಅಕ್ಷರ ಬಂದೂ ಓದು ಬಾರದ ಸ್ಥಿತಿ ಉಂಟಾಗುತ್ತದೆ. ಐದನೆಯ ತರಗತಿಯ ಸಮಾಜ ಪಾಠವನ್ನು ತಡವರಿಸಿ ಓದುವ ಮಗುವಿಗೆ ಕಷ್ಟವಾದದ್ದು ಸಮಾಜವಲ್ಲ, ಓದು. ಹೆತ್ತವರು ಇದನ್ನು 'ಕನ್ನಡ ಮಾಧ್ಯಮದ ದೋಷ' ಎಂದು ತಿಳಿದು ಇಂಗ್ಲಿಷ್ ಶಾಲೆಗೆ ಬದಲಾಯಿಸುತ್ತಾರೆ. ತೊಂದರೆ ಮಾತ್ರ ಮಗುವಿನ ಜೊತೆಗೇ ಹೋಗುತ್ತದೆ.

ಅಲ್ಲಿಯ ತೊಂದರೆಗಳು ಬೇರೆ ತರದವು. ಅನಂತಪುರ ದೇಶದ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ಕಲ್ಯಾಣದುರ್ಗದ ಕಡೆಯ ನೆಲಗಡಲೆ ಬೆಳೆ ಕೈಕೊಟ್ಟ ವರ್ಷ ಕುಟುಂಬಗಳು ಕೂಲಿಗಾಗಿ ಬೆಂಗಳೂರಿನತ್ತ ಹೊರಡುತ್ತವೆ. ಮಕ್ಕಳು ಅಜ್ಜಿಯ ಮನೆಯಲ್ಲಿ ಉಳಿಯುತ್ತಾರೆ ಅಥವಾ ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ. ಮಧ್ಯದಲ್ಲಿ ತುಂಡಾದ ಓದನ್ನು ಮತ್ತೆ ಹೊಸೆಯುವುದು ಸುಲಭವಲ್ಲ. ಇದರ ಮೇಲೆ 2019ರ ನವೆಂಬರಿನಲ್ಲಿ ಆಂಧ್ರ ಸರಕಾರ ಸರಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆಜ್ಞೆ ಹೊರಡಿಸಿತು. 2020ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಏರ್ಪಾಡು ಮಾಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೇ ಹೇಳುತ್ತಿದೆ. ಆ ಹಕ್ಕನ್ನು ಕಾಗದದಿಂದ ತರಗತಿಗೆ ಇಳಿಸುವುದು ಮಾತ್ರ ಎರಡೂ ಗಡಿಗಳಲ್ಲಿ ಪ್ರತಿವರ್ಷದ ಹೋರಾಟ.

ಓದಿನ ರುಚಿ

ಮಕ್ಕಳಿಗೆ ಓದು ರುಚಿಸುವಂತೆ ಮಾಡುವುದು ಹೇಗೆಂದು ನಮ್ಮ ಜಿಲ್ಲೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಂಜೆ ಮಂಗೇಶರಾಯರು ಶಾಲಾ ಇನ್ಸ್‌ಪೆಕ್ಟರರಾಗಿದ್ದವರು. ಮಕ್ಕಳ ಬಾಯಲ್ಲಿ ನಿಲ್ಲುವ ಪದ್ಯಗಳನ್ನೂ ಕತೆಗಳನ್ನೂ ಬರೆದರು. ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. ಪೆರಡಾಲದ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳೂ ಮಕ್ಕಳನ್ನು ಮರೆಯಲಿಲ್ಲ. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಮದ್ರಾಸಿನಿಂದ ಹೊರಟ 'ಚಂದಮಾಮ' 1949ರಿಂದ ಕನ್ನಡದಲ್ಲೂ ಬಂದು, ಹಿಂದೂಪುರದ ಮಗುವಿಗೂ ಕಾಸರಗೋಡಿನ ಮಗುವಿಗೂ ಒಂದೇ ಕತೆಯನ್ನು ತಲಪಿಸಿತು. ಅದು ನಿಂತು ಈಗ ಹತ್ತು ವರ್ಷಗಳ ಮೇಲಾಯಿತು. ಅದರ ಜಾಗ ಇನ್ನೂ ತುಂಬಿಲ್ಲ.

ಇಂದು ಮನೆಯಲ್ಲಿ ಮಾಡಬಹುದಾದದ್ದು ಸರಳವಾಗಿದೆ. ದಿನಕ್ಕೆ ಹತ್ತು ನಿಮಿಷ ಯಾರಾದರೂ ಮಗುವಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಅಕ್ಷರ ಬಾರದ ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ಮಗುವೇ ಅಜ್ಜಿಗೆ ಓದಿ ಹೇಳಲಿ. ಪುಸ್ತಕವನ್ನು ಮಗುವೇ ಆರಿಸಲಿ. ಅದೇ ಕತೆಯನ್ನು ಹತ್ತನೆಯ ಸಲ ಓದುತ್ತದೆಂದು ಗದರಬಾರದು. ಓದಿದ ಕೂಡಲೇ 'ನೀತಿ ಏನು?' ಎಂದು ಪ್ರಶ್ನೆ ಕೇಳಿದರೆ ಮನೆಯೂ ಶಾಲೆಯಾಗಿಬಿಡುತ್ತದೆ. ರಾತ್ರಿ ಯಕ್ಷಗಾನ ನೋಡಿ ಬಂದ ಹುಡುಗನಿಗೆ ಮರುದಿನ ಅದೇ ಪ್ರಸಂಗದ ಕತೆಯನ್ನು ಕೊಟ್ಟು ನೋಡಿ. ಓದು ಎಂದು ಹೇಳಬೇಕಾಗದು. ಆ ಸೀಮೆಯಲ್ಲಿ ಧರ್ಮಾವರದ ಬಳಿಯ ನಿಮ್ಮಲಕುಂಟದ ತೊಗಲುಗೊಂಬೆಯವರ ರಾಮಾಯಣ ಇದೇ ಕೆಲಸವನ್ನು ಮಾಡಬಲ್ಲುದು.

ಇನ್ನು ಗ್ರಂಥಾಲಯ. ಈ ವಿಷಯದಲ್ಲಿ ನಾವು ಹಿಂದೂಪುರದವರಿಗಿಂತ ಭಾಗ್ಯವಂತರೆನ್ನಬೇಕು. ಪಿ.ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಗ್ರಂಥಾಲಯ ಸಂಘದಿಂದಾಗಿ ಕೇರಳದ ಹಳ್ಳಿಹಳ್ಳಿಯಲ್ಲಿ ವಾಚನಾಲಯ ಬಂತು. ಅವರು ತೀರಿಕೊಂಡ ಜೂನ್ 19ನ್ನು ಓದುವ ದಿನವಾಗಿ ಆಚರಿಸುತ್ತೇವೆ. ಆಂಧ್ರದಲ್ಲೂ 2020ರಲ್ಲಿ ಶಾಲಾ ಮಕ್ಕಳಿಗಾಗಿ 'ಓದು ನಮಗಿಷ್ಟ' ಎಂಬರ್ಥದ ಆಂದೋಲನ ಆರಂಭವಾಯಿತು. ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಆ ಕಪಾಟಿನಲ್ಲಿ ಮಕ್ಕಳ ಕನ್ನಡ ಪುಸ್ತಕ ಎಷ್ಟಿವೆ, ಮತ್ತು ಕಪಾಟಿನ ಬೀಗದ ಕೈ ಯಾರಲ್ಲಿದೆ?

ಕೀಲಿಮಣೆಯ ಮೇಲೆ ಕನ್ನಡ

ಕಂಪ್ಯೂಟರು, ಮೊಬೈಲು ಬಂದು ಓದು ಕೆಟ್ಟಿತು ಎನ್ನುವವರಿದ್ದಾರೆ. ನೋಡುವುದಕ್ಕೆ ಮಾತ್ರ ಕೊಟ್ಟರೆ ಕೆಡಬಹುದು. ಬರೆಯುವುದಕ್ಕೂ ಓದುವುದಕ್ಕೂ ಕೊಟ್ಟರೆ ಗಡಿನಾಡಿನ ಮಗುವಿಗೆ ಇದರಷ್ಟು ಸಹಾಯಕ ಸಾಧನ ಇನ್ನೊಂದಿಲ್ಲ. ಪುಸ್ತಕದಂಗಡಿಯಿಲ್ಲದ ಊರಿಗೆ ಪುಸ್ತಕ ತರಬಲ್ಲುದು ಇದೊಂದೇ.

ಮೊದಲು ಬೆರಳಚ್ಚಿನ ಮಾತು. ಭಾರತೀಯ ಭಾಷೆಗಳಿಗಾಗಿ ಸರಕಾರ ನಿಗದಿಪಡಿಸಿದ 'ಇನ್‌ಸ್ಕ್ರಿಪ್ಟ್' ಕೀಲಿಮಣೆಯಲ್ಲಿ ಎಡಗಡೆ ಸ್ವರಗಳು, ಬಲಗಡೆ ವ್ಯಂಜನಗಳು. ಎಲ್ಲ ಭಾಷೆಗಳಿಗೂ ಅದೇ ಜಾಗ. 'ಕನ್ನಡ' ಎಂದು ಬರೆಯಲು ಐದು ಒತ್ತು ಸಾಕು: ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ. ಭಾಷೆಯನ್ನು ಮಲಯಾಳಕ್ಕೆ ಬದಲಾಯಿಸಿ ಅದೇ ಐದು ಕೀಲಿಗಳನ್ನು ಒತ್ತಿದರೆ ಅದೇ ಪದ ಮಲಯಾಳ ಲಿಪಿಯಲ್ಲಿ ಬರುತ್ತದೆ. ತೆಲುಗಿಗೆ ಬದಲಾಯಿಸಿದರೆ ತೆಲುಗಿನಲ್ಲಿ. ಕೆಲವು ವಿಶೇಷ ಅಕ್ಷರಗಳನ್ನು ಬಿಟ್ಟರೆ ಒಮ್ಮೆ ಕಲಿತ ಬೆರಳು ಮೂರು ಭಾಷೆಗೂ ಸಲ್ಲುತ್ತದೆ. ಎರಡು ಲಿಪಿಗಳ ನಡುವೆ ಬೆಳೆಯುವ ಮಗುವಿಗೆ ಇದಕ್ಕಿಂತ ಲಾಭದ ವಿದ್ಯೆ ಯಾವುದು? ನುಡಿಯಲ್ಲಿ ಬಳಕೆಯಾಗುವ ಕೀಲಿಮಣೆಯ ವಿನ್ಯಾಸದ ಹಿಂದೆ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾಯರ ದುಡಿಮೆಯಿದೆ. ಅದನ್ನು ಬಲ್ಲವರು ಅದರಲ್ಲೇ ಮುಂದುವರಿಯಲಿ. ಹೊಸತಾಗಿ ಕಲಿಯುವ ಗಡಿನಾಡಿನ ಮಗುವಿಗೆ ಇನ್‌ಸ್ಕ್ರಿಪ್ಟ್ ಹೆಚ್ಚು ಅನುಕೂಲ.

ಎರಡನೆಯದು ಯೂನಿಕೋಡ್. ಹಿಂದಿನ ಕನ್ನಡ ಫಾಂಟುಗಳಲ್ಲಿ ಕಂಪ್ಯೂಟರಿನೊಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕಂಡದ್ದು ಕನ್ನಡದ ರೂಪ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಆ ಪಟ್ಟಿಯಲ್ಲಿ ತೆಲುಗು, ಕನ್ನಡ, ಮಲಯಾಳ ಒಂದರ ಪಕ್ಕ ಒಂದು, ತಲಾ 128 ಮನೆಗಳೊಂದಿಗೆ, ನೆರೆಕರೆಯವರಂತೆ ಕುಳಿತಿವೆ. 2024ರಲ್ಲಿ ತುಳು-ತಿಗಳಾರಿ ಲಿಪಿಯೂ ಯೂನಿಕೋಡಿಗೆ ಸೇರಿತು. ಶಾಲೆಯ ಪ್ರಶ್ನೆಪತ್ರಿಕೆ, ವಾರ್ಷಿಕ ಸಂಚಿಕೆ, ಮಕ್ಕಳ ಬರಹ ಎಲ್ಲವನ್ನೂ ಯೂನಿಕೋಡಿನಲ್ಲಿ ಬರೆದರೆ ಮಾತ್ರ ಅವು ಮುಂದೆ ಹುಡುಕಲು ಸಿಗುತ್ತವೆ, ಇನ್ನೊಂದು ಊರಿನ ಮಗುವಿಗೂ ತಲಪುತ್ತವೆ.

ಮೂರನೆಯದು, ಉಚಿತವಾಗಿ ದೊರೆಯುವ ಓದು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್'ನಲ್ಲಿ ಚಿತ್ರಸಹಿತ ಕನ್ನಡ ಕತೆಗಳಿವೆ. ಓದಬಹುದು, ಮುದ್ರಿಸಿಕೊಳ್ಳಬಹುದು, ಒಂದು ಭಾಷೆಯ ಕತೆಯನ್ನು ಇನ್ನೊಂದಕ್ಕೆ ಅನುವಾದಿಸಲೂಬಹುದು. ಮಲಯಾಳ ಬಲ್ಲ ನಮ್ಮ ಏಳನೆಯ ತರಗತಿಯ ಮಗು ಒಂದು ಮಲಯಾಳ ಕತೆಯನ್ನು ಕನ್ನಡಕ್ಕೆ, ಹಿಂದೂಪುರದ ಮಗು ಒಂದು ತೆಲುಗು ಕತೆಯನ್ನು ಕನ್ನಡಕ್ಕೆ ತರುವುದು ಕನಸೇನೂ ಅಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ನಿಘಂಟುಗಳಿವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ತಮ್ಮ ಊರಿನ ಬಗ್ಗೆ ಬರೆಯಲು ದೊಡ್ಡ ಮಕ್ಕಳಿಗೆ ಅವಕಾಶವಿದೆ. ನಮ್ಮ ಹೈಸ್ಕೂಲುಗಳಲ್ಲಿ 'ಕೈಟ್' ಸಂಸ್ಥೆ 2018ರಲ್ಲಿ ಆರಂಭಿಸಿದ 'ಲಿಟ್ಲ್ ಕೈಟ್ಸ್' ಘಟಕಗಳಿವೆ. ಅಲ್ಲಿಯ ಕನ್ನಡ ಮಕ್ಕಳು ತಯಾರಿಸುವ ಪತ್ರಿಕೆ ಕನ್ನಡದಲ್ಲೇ ಬರಲಿ ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಹೆತ್ತವರಲ್ಲಿ ಒಂದು ಮಾತು

ಮೊಬೈಲನ್ನು ಮಗುವಿನ ಕೈಗೆ ಕೊಡುವಾಗ ಅದರಲ್ಲಿ ಕನ್ನಡ ಕೀಲಿಮಣೆ ಇದೆಯೇ ಎಂದು ಮೊದಲು ನೋಡಿ. ಮಾವನಿಗೋ ಅತ್ತೆಗೋ ಕಳುಹಿಸುವ ಸಂದೇಶವನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆಯದೆ ಕನ್ನಡ ಅಕ್ಷರದಲ್ಲೇ ಬರೆಯಲು ಹೇಳಿ. ದಿನಕ್ಕೆ ನಾಲ್ಕು ಸಾಲು ಬರೆದರೂ ವರ್ಷಕ್ಕೆ ಸಾವಿರ ಸಾಲು ದಾಟುತ್ತದೆ. ಚಿಕ್ಕ ಮಕ್ಕಳಿಗೆ ಪರದೆಗಿಂತ ಕಾಗದವೇ ಲೇಸು. ಕತೆಯನ್ನು ಮುದ್ರಿಸಿ ಹೊಲಿದು ಕೊಟ್ಟರೆ ಮಗು ಅದನ್ನು ತನ್ನ ಪುಸ್ತಕವೆಂದು ಕಾಪಾಡುತ್ತದೆ.

ಕಾಸರಗೋಡಿನ ಒಂದು ಶಾಲೆಯ ಮಕ್ಕಳೂ ಹಿಂದೂಪುರದ ಅಥವಾ ಕಲ್ಯಾಣದುರ್ಗದ ಕಡೆಯ ಒಂದು ಶಾಲೆಯ ಮಕ್ಕಳೂ ತಿಂಗಳಿಗೊಂದು ಪತ್ರ ಬರೆದುಕೊಂಡರೆ ಹೇಗೆ? ಇಲ್ಲಿಯವರು ಮಳೆಯ ವಿಷಯ ಬರೆಯಲಿ, ಅಲ್ಲಿಯವರು ಮಳೆ ಬಾರದಿರುವ ವಿಷಯ ಬರೆಯಲಿ. ಉತ್ತರ ಬರುತ್ತದೆಂದು ಕಾಯುವ ಮಗು ಓದುವುದನ್ನು ಬಿಡುವುದಿಲ್ಲ. ಇದಕ್ಕೆ ಸರಕಾರದ ಆಜ್ಞೆಯಾಗಲಿ ಅನುದಾನವಾಗಲಿ ಬೇಕಿಲ್ಲ. ಎರಡೂ ಕಡೆ ಒಬ್ಬೊಬ್ಬ ಅಧ್ಯಾಪಕರು ಮನಸ್ಸು ಮಾಡಿದರೆ ಬರುವ ಜೂನಿನಲ್ಲೇ ಆರಂಭಿಸಬಹುದು.