ರಂಗ ಎಂದರೆ ಯಾವ ರಂಗ?

ಬಿಳಿಗಿರಿರಂಗನ ಬೆಟ್ಟದ ಸುತ್ತಿನ ಶಾಲೆಗಳಲ್ಲಿ ‘ರಂಗ’ ಎಂಬ ಹೆಸರಿಗೆ ಬರವಿಲ್ಲ. ಸೋಲಿಗರಿಗಂತೂ ಬೆಟ್ಟದ ದೇವರೇ ‘ರಂಗಭಾವ’. ತಮ್ಮ ಕುಲದ ಕುಸುಮಾಲೆಯನ್ನು ವರಿಸಿದವನೆಂಬ ನಂಬಿಕೆ. ತರಗತಿಯಲ್ಲಿ ‘ರಂಗ, ಬಾರೋ’ ಎಂದರೆ ಮುಂದಿನ ಬೆಂಚಿನವನೇ ಮೊದಲು ಏಳುತ್ತಾನೆ. ಮೇಷ್ಟ್ರು ಕರೆದದ್ದು ಹಿಂದಿನ ಬೆಂಚಿನ ರಂಗನನ್ನಾಗಿದ್ದರೆ? ಮುಖ ನೋಡಿ ತಿದ್ದಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಆ ವಿವೇಕವಿಲ್ಲ.

ಅಂಕಪಟ್ಟಿ, ವಿದ್ಯಾರ್ಥಿವೇತನ, ಬ್ಯಾಂಕಿನ ಲೆಕ್ಕ ಎಲ್ಲವೂ ಇಂದು ಡೇಟಾಬೇಸ್ ಎಂಬ ಮಾಹಿತಿ ಉಗ್ರಾಣಗಳಲ್ಲಿವೆ. ಅವುಗಳಲ್ಲಿ ಹೆಸರಾದದ್ದು ಪೋಸ್ಟ್‌ಗ್ರೆಸ್. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಆರಂಭವಾದ ಇದನ್ನು ಈಗ ಯಾರಾದರೂ ಉಚಿತವಾಗಿ ಬಳಸಬಹುದು.

ಇದರಲ್ಲಿ ಪ್ರತಿ ಮಾಹಿತಿಗೂ ಒಂದು ‘ಬಗೆ’ ಉಂಟು: ಸಂಖ್ಯೆ, ಪದ, ದಿನಾಂಕ ಹೀಗೆ. ಹೊಸ ಬಗೆಗಳನ್ನು ನಾವೂ ರಚಿಸಬಹುದು. ಒಂದು ಕೋಷ್ಟಕ ಮಾಡಿದರೆ ಸಾಕು, ಅದೇ ಹೆಸರಿನ ಬಗೆಯೊಂದು ತಾನಾಗಿ ಹುಟ್ಟುತ್ತದೆ. ಇವೆಲ್ಲ ‘ಸ್ಕೀಮಾ’ ಎಂಬ ಕಪಾಟುಗಳಲ್ಲಿರುತ್ತವೆ. ಬರಿ ಹೆಸರು ಹೇಳಿದರೆ ಕಂಪ್ಯೂಟರ್ ಗೊತ್ತುಮಾಡಿದ ಕ್ರಮದಲ್ಲಿ ಕಪಾಟುಗಳನ್ನು ತೆರೆದು, ಮೊದಲು ಸಿಕ್ಕಿದ್ದನ್ನೇ ಎತ್ತಿಕೊಳ್ಳುತ್ತದೆ.

ತೊಡಕಿದ್ದುದು ಇಲ್ಲಿಯೇ. ಬಳಕೆದಾರನಿಗೆ ತಾತ್ಕಾಲಿಕ ಕಪಾಟೊಂದು ದೊರೆಯುತ್ತದೆ. ಕೋಷ್ಟಕ ಮತ್ತು ಬಗೆಗಳ ಹೆಸರಿಗಾಗಿ ಕಂಪ್ಯೂಟರ್ ಮೊದಲು ತೆರೆಯುತ್ತಿದ್ದುದು ಅದನ್ನೇ. ಆ ಕ್ರಮವನ್ನು ಬದಲಿಸುವಂತೆಯೂ ಇರಲಿಲ್ಲ. ಮುಖ್ಯೋಪಾಧ್ಯಾಯರ ಅಧಿಕಾರದಲ್ಲಿ ಓಡುವ ಒಂದು ಪ್ರೋಗ್ರಾಮ್ ‘ಗುಪ್ತಪದ’ ಎಂಬ ಕೋಷ್ಟಕವನ್ನು ನೋಡಿ ಬಂದವನನ್ನು ಒಳಗೆ ಬಿಡುತ್ತದೆ ಎನ್ನಿ. ತುಂಟನೊಬ್ಬ ತನ್ನ ತಾತ್ಕಾಲಿಕ ಕಪಾಟಿನಲ್ಲಿ ಅದೇ ಹೆಸರಿನ ಕೋಷ್ಟಕವಿಟ್ಟು ತನಗೆ ಬೇಕಾದ ಗುಪ್ತಪದ ಬರೆದಿಟ್ಟರೆ? ಪ್ರೋಗ್ರಾಮ್ ಅದನ್ನೇ ನೋಡಿ ‘ಸರಿ’ ಎಂದುಬಿಡುತ್ತದೆ! ಬೀಗ ಒಡೆಯಲಿಲ್ಲ, ಕೀಲಿ ಕದಿಯಲಿಲ್ಲ, ಹೆಸರೊಂದನ್ನು ಕದ್ದದ್ದಷ್ಟೆ.

2007ರ ಏಪ್ರಿಲ್‌ನಲ್ಲಿ ಇದಕ್ಕೆ ಪರಿಹಾರ ಬಂತು. ಹುಡುಕುವ ಕ್ರಮದಲ್ಲಿ ತಾತ್ಕಾಲಿಕ ಕಪಾಟನ್ನೂ ಹೆಸರಿಸಿ, ಕೊನೆಗೆ ನಿಲ್ಲಿಸಲು ಅವಕಾಶವಾಯಿತು. ಆದರೆ ಪ್ರೋಗ್ರಾಮ್ ಬರೆಯುವವರು ಹಾಗೆಂದು ಬರೆಯಲೇಬೇಕು. ಮರೆತರೆ ಇಂದಿಗೂ ಅದೇ ಮೊದಲು! 2018ರಲ್ಲಿ ಇಂಥದೇ ಅಪಾಯ ಎಲ್ಲರಿಗೂ ಸೇರಿದ ‘ಪಬ್ಲಿಕ್’ ಕಪಾಟಿನಲ್ಲೂ ಇದೆಯೆಂದು ಎಚ್ಚರಿಸಲಾಯಿತು. 2022ರ 15ನೆಯ ಆವೃತ್ತಿಯಿಂದ, ಹೊಸ ಡೇಟಾಬೇಸ್‌ಗಳಲ್ಲಿ ಕಂಡಕಂಡವರು ಅಲ್ಲಿ ಏನನ್ನೂ ಇಡುವಂತಿಲ್ಲ.

ಇದಕ್ಕಿಂತ ಸರಳವಾದ ಉಪಾಯವೂ ಇದೆ: ಹೆಸರಿನ ಹಿಂದೆ ಕಪಾಟಿನ ಹೆಸರನ್ನೂ ಸೇರಿಸಿ ಬರೆಯುವುದು. ಹಾಜರಿ ಪುಸ್ತಕದಲ್ಲಿ ನಾವು ಮೊದಲಿನಿಂದಲೂ ಮಾಡುತ್ತಿರುವುದು ಅದನ್ನೇ ಅಲ್ಲವೆ? ಕೆ. ರಂಗ, ಎಂ. ರಂಗ. ಕಂಪ್ಯೂಟರ್ ಕಲಿಯುವ ಮಕ್ಕಳೇ, ಇನಿಷಿಯಲ್ ಮರೆಯಬೇಡಿ.